ಮೇಷ್ಟ್ರಿಗೆ ಒಂದು ಗೇಣು ಬಿಸಿಲು

ಜನವರಿ 6, ಸೋಮವಾರ

ಹೆಂಡತಿ ಬೆಳಗಿನ ಬಸ್ಸಿಗೆ ಹೋದಳು. ಅವಳು ಎಂಜಿನಿಯರು. ಎಲ್ಲೋ ದೂರದ ನದಿಗೆ ಕಟ್ಟುತ್ತಿರುವ ಸೇತುವೆಯ ಕಂಬವೊಂದು ಇವಳ ನಕ್ಷೆಯಂತೆ ನಿಲ್ಲದೆ ತನ್ನಿಷ್ಟ ಬಂದಂತೆ ನಿಂತಿದೆಯಂತೆ. ಅದಕ್ಕೆ ಬುದ್ಧಿ ಕಲಿಸಿ ಬರಲು ಸುಮಾರು ಒಂದೂವರೆ ತಿಂಗಳು ಬೇಕು. ಅಲ್ಲಿ ಫೋನ್ ಸಿಗುವುದಿಲ್ಲ. ಭಾನುವಾರ ಗುಡ್ಡ ಹತ್ತಿ ಮಾತಾಡುತ್ತಾಳೆ. ಬಾಗಿಲಲ್ಲಿ ನಿಂತು, "ನೀವಿಬ್ರೂ ಹೊಂದ್ಕೊಂಡು ಹೋಗ್ತೀರಿ, ನಂಗೊತ್ತು" ಅಂದಳು. ಮುಖ ನೋಡಿದರೆ ಗೊತ್ತಿದ್ದಂತೆ ಕಾಣಲಿಲ್ಲ.

ಮದುವೆಯಾಗಿ ನಾಲ್ಕು ತಿಂಗಳು. ಅಲ್ಲಿಯವರೆಗೆ, ಅಂದರೆ ತಲೆಗೂದಲು ಅರ್ಧ ಉದುರುವವರೆಗೆ, ನಾನು ನನ್ನ ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಪಾಡಿಗೆ ಒಬ್ಬನೇ ಇದ್ದವನು. ಈಗ ಅವಳ ಮನೆಯಲ್ಲಿದ್ದೇನೆ. ಜೊತೆಗೆ ಅವಳ ಮಗಳು, ಹದಿಮೂರು ವರ್ಷ. ತಂದೆ ತೀರಿಕೊಂಡು ಎರಡು ವರ್ಷವಾಗಿದೆ. ಆ ಹುಡುಗಿ ಹಟಮಾರಿಯಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಇದು ಬರೀ ಸಭ್ಯತೆ. "ನಿಮಗೆ ತೊಂದರೆ ಇಲ್ಲ ಅಂದ್ರೆ ಉಪ್ಪು ಕೊಡ್ತೀರಾ? ಥ್ಯಾಂಕ್ಸ್." ಬ್ಯಾಂಕಿನ ಕೌಂಟರಿನಲ್ಲಿ ಕೂತು ಊಟ ಮಾಡಿದ ಹಾಗಾಗುತ್ತದೆ. ನನ್ನನ್ನು ಏನೆಂದು ಕರೆಯಬೇಕೆಂದು ಇನ್ನೂ ತೀರ್ಮಾನವಾಗಿಲ್ಲ, ಕರೆಯಬೇಕಾದಾಗ ಕೆಮ್ಮುತ್ತಾಳೆ. ಇದು ತಿಳಿಯದೆ ಮೊದಲ ವಾರ ಔಷಧಿಯ ಬಾಟಲಿ ತಂದುಕೊಟ್ಟಿದ್ದೆ. ಅದಕ್ಕೂ ಥ್ಯಾಂಕ್ಸ್ ಹೇಳಿದಳು.

ಇವಳಲ್ಲದೆ ಒಂದು ಗೋಸುಂಬೆ. ನಡುಮನೆಯ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಜಾಲರಿ ಗೂಡು, ಒಳಗೆ ಕೊಂಬೆ, ಎಲೆ, ಮೇಲೊಂದು ಬಲ್ಬು, ಒಂದು ಟ್ಯೂಬ್‌ಲೈಟು. ಅದಕ್ಕೆ ಮೇಷ್ಟ್ರು ಎಂದು ಹೆಸರು. ಒಂದು ಕಣ್ಣು ಮುಂದಿನ ಬೆಂಚಿನ ಮೇಲೆ, ಇನ್ನೊಂದು ಹಿಂದಿನ ಬೆಂಚಿನ ಮೇಲೆ ಇಟ್ಟು, ಪರೀಕ್ಷೆಯ ಕೋಣೆಯಲ್ಲಿ ಓಡಾಡುವವರಂತೆ ಹೆಜ್ಜೆಹೆಜ್ಜೆಗೂ ತೂಗಾಡುತ್ತಾ ನಡೆಯುತ್ತದೆ. ಕಣ್ಣಿನ ಕಸುಬಿನವನಾದ ನನಗೆ ಅದನ್ನು ನೋಡಿದರೆ ತಲೆ ಸುತ್ತುತ್ತದೆ. ಹುಡುಗಿ ಅದಕ್ಕೆ ಬಹುವಚನವನ್ನೇ ಬಳಸುತ್ತಾಳೆ. ನನಗೂ ಅಷ್ಟೇ.

ಜನವರಿ 8, ಬುಧವಾರ

ಬೆಳಿಗ್ಗೆ ಟಪ್ ಎಂದು ಬಿಸಿ ಬಲ್ಬು ಹೋಯಿತು. ಹೊರಗೆ ಹಲ್ಲು ಕಟಕಟಿಸುವ ಚಳಿ. ಅರ್ಧ ಗಂಟೆಯಲ್ಲಿ ಗೋಸುಂಬೆ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ಬಂತು.

ಬೆನ್ನ ಹಿಂದೆ ಕೆಮ್ಮು ಕೇಳಿಸಿತು. "ಮೇಷ್ಟ್ರು ಚಳಿ ಆದ್ರೆ ಕಪ್ಪಾಗ್ತಾರೆ. ನೀವು ಅಂಗಡಿಯಿಂದ ಬರೋವಾಗ ಒಂದು ಬಲ್ಬು ತರ್ತೀರಾ? ತೊಂದರೆ ಆದ್ರೆ ಬೇಡ."

"ತೊಂದರೆ ಏನು ಬಂತು, ಬಲ್ಬು ತಾನೇ!" ಅಂದೆ.

ಜನವರಿ 9, ಗುರುವಾರ

ಬಲ್ಬು ತಾನೇ ಅಂದವನ ಬಾಯಿಗೆ ಬೀಗ ಹಾಕಬೇಕು.

ನಿನ್ನೆ ಅಕ್ವೇರಿಯಂ ಅಂಗಡಿಗೆ ಹೋಗಿದ್ದೆ. ಮೀನಲ್ಲದೆ ಆಮೆ, ಮೊಲ, ಗಿಳಿಗಳಿಗೆ ಬೇಕಾದದ್ದನ್ನೂ ಮಾರುತ್ತಾನೆ. ನಾನು ಏನು ಕೇಳಿದರೂ ಅವನ ಉತ್ತರ ಒಂದೇ: "ಆಗುತ್ತೆ ಸಾರ್." ಗೋಸುಂಬೆಗೆ ಆಗುತ್ತಾ? ಆಗುತ್ತೆ ಸಾರ್. ಜಾಸ್ತಿ ಬಿಸಿಯಾಗಲ್ವಾ? ಅದೂ ಆಗುತ್ತೆ ಸಾರ್. ಅಲ್ಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಕುಂಬಳಕಾಯಿಯಷ್ಟು ದಪ್ಪದ ಬಲ್ಬು ತಂದೆ. ಕಡಿಮೆ ಆಗುವುದಕ್ಕಿಂತ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ನನ್ನ ಲೆಕ್ಕ.

ಇವತ್ತು ಬೆಳಿಗ್ಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಗೋಸುಂಬೆ ಬೂದಿಯಂತೆ ಬಿಳಿಚಿಕೊಂಡು ಬಾಯಿ ಕಳೆದು ಕೂತಿತು. ಹಾಡಲು ಹೊರಟಿದೆ ಅಂದುಕೊಂಡೆ. ಅದು ಸೆಕೆ ತಡೆಯಲಾಗದೆ ಬಾಯಿ ಕಳೆಯುವುದಂತೆ. ಹುಡುಗಿ ಓಡಿಬಂದು ಸ್ವಿಚ್ ಆರಿಸಿ, "ಪರವಾಗಿಲ್ಲ" ಅಂದಳು.

ಆ ಪರವಾಗಿಲ್ಲಕ್ಕಿಂತ ಎರಡೇಟು ಹೊಡೆದಿದ್ದರೆ ಹಗುರವಾಗುತ್ತಿತ್ತು.

ಜನವರಿ 12, ಭಾನುವಾರ

ಅಂಗಡಿಯವನ ಎರಡನೆಯ ಸಲಹೆ: ರಾತ್ರಿಯ ಚಳಿಗೆ ಕೆಂಪು ಬಲ್ಬು. ಉರಿಸಿದರೆ ನಡುಮನೆ ಹಳೆಯ ಕಾಲದ ಫೋಟೋ ತೊಳೆಯುವ ಕೋಣೆಯಂತಾಯಿತು. ಎದುರು ಮನೆಯಾಕೆ ಬೆಳಿಗ್ಗೆ ಹಾಲಿನ ಪೊಟ್ಟಣ ತೆಗೆದುಕೊಳ್ಳುತ್ತಾ, "ಎಲ್ಲಾ ಕ್ಷೇಮ ತಾನೇ?" ಎಂದು ಬಹಳ ಹೊತ್ತು ನನ್ನ ಮುಖ ನೋಡಿದರು. ಗೋಸುಂಬೆ ರಾತ್ರಿಯೆಲ್ಲಾ ನಿದ್ದೆ ಮಾಡಲಿಲ್ಲ. ಅದಕ್ಕೆ ಹಗಲು ಬೆಳಕು ಬೇಕು, ರಾತ್ರಿ ಅಪ್ಪಟ ಕತ್ತಲು ಬೇಕು, ರಾತ್ರಿ ಕೊಂಚ ತಂಪಾದರೆ ಇನ್ನೂ ಹಿತ. ನಾನೂ ಹಾಗೆಯೇ. ಕೇಳಿದ್ದರೆ ಹೇಳುತ್ತಿದ್ದೆ.

ಮೂರನೆಯ ಸಲಹೆ: ಕರೆಂಟಿನಲ್ಲಿ ಬೆಚ್ಚಗಾಗುವ ಕಲ್ಲು. ಮರದ ಮೇಲೆ ಬದುಕುವ ಪ್ರಾಣಿ ನೆಲದ ಕಲ್ಲಿನ ಮೇಲೆ ಏಕೆ ಕೂರುತ್ತದೆ? ಒಂದು ಕಣ್ಣಿನಿಂದಲೂ ಅದು ಆ ಕಡೆ ನೋಡಲಿಲ್ಲ. ಚಹಾ ಲೋಟ ಇಡಲು ಮಾತ್ರ ಆ ಕಲ್ಲು ಬಹಳ ಚೆನ್ನಾಗಿದೆ.

ಹೆಂಡತಿ ಗುಡ್ಡದಿಂದ ಫೋನ್ ಮಾಡಿದಳು. ಹುಡುಗಿ ಹೇಳಿದ್ದು: "ಎಲ್ಲಾ ಚೆನ್ನಾಗಿದೆ ಅಮ್ಮ. ಅವರು ಚೆನ್ನಾಗಿ ನೋಡ್ಕೊಳ್ತಿದಾರೆ." ಲಾಡ್ಜ್ ಖಾಲಿ ಮಾಡುವಾಗ ಅಭಿಪ್ರಾಯ ಬರೆಯುವವರ ಧಾಟಿ.

ಜನವರಿ 15, ಬುಧವಾರ

ಸಲಹೆ ಸಾಕೆಂದು ಅಳತೆಗೆ ಇಳಿದೆ. ಕನ್ನಡಕವನ್ನು ಅಳತೆ ಇಲ್ಲದೆ ಯಾರಿಗಾದರೂ ಕೊಟ್ಟಿದ್ದೇನೆಯೇ? ಮೇಲಿನ ಕೊಂಬೆಗೆ ಥರ್ಮಾಮೀಟರ್ ಕಟ್ಟಿದೆ. ಮನೆಯಲ್ಲಿದ್ದ ಸಾದಾ ಹಳದಿ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿ ಜಾಲರಿಯ ಮೇಲೆ ಹಿಡಿದು ನಿಂತೆ. ಹತ್ತಿರ ತಂದರೆ ಮುಳ್ಳು ಏರುತ್ತದೆ, ಎತ್ತಿದರೆ ಇಳಿಯುತ್ತದೆ. ಮೂವತ್ತರ ಆಸುಪಾಸು ಸಿಗುವ ಹೊತ್ತಿಗೆ ನನ್ನ ತೋಳು ಬಿದ್ದುಹೋಗಿತ್ತು. ಹುಡುಗಿ ಸ್ಟೂಲು ತಂದು ಪಕ್ಕದಲ್ಲಿ ನಿಂತು, "ಸ್ವಲ್ಪ ಮೇಲೆ… ಅಲ್ಲೇ, ಅಲ್ಲೇ, ಉಸಿರಾಡ್ಬೇಡಿ" ಎನ್ನುತ್ತಾ ತಂತಿ ಕಟ್ಟಿದಳು.

ಗೋಸುಂಬೆ ನಿಧಾನಕ್ಕೆ ಹತ್ತಿ ಬಂತು. ಮೈಯನ್ನು ದೋಣಿಯ ಹಾಯಿಯಂತೆ ಚಪ್ಪಟೆ ಮಾಡಿ ಒಂದು ಪಕ್ಕೆಯನ್ನು ಬಲ್ಬಿಗೆ ಒಡ್ಡಿತು. ಕಪ್ಪು ಕರಗಿ, ಕಂದು ಕರಗಿ, ಚಿಗುರಿನ ಹಸಿರು ಬಂತು. ಆಮೇಲೆ ಇನ್ನೊಂದು ಪಕ್ಕೆ.

"ಸರಿಹೋಯ್ತು" ಅಂದಳು. ಥ್ಯಾಂಕ್ಸ್ ಹೇಳಲಿಲ್ಲ. ಏನು ತಪ್ಪು ಮಾಡಿದೆನೋ ಗೊತ್ತಾಗಲಿಲ್ಲ.

ಜನವರಿ 22, ಬುಧವಾರ

ಮೇಷ್ಟ್ರಿಗೆ ದೃಷ್ಟಿದೋಷ ಬಂದಿದೆ ಎಂದು ನನಗೆ ಅನುಮಾನ. ಎರಡು ದಿನದಿಂದ ಮಿಡತೆಗೆ ಗುರಿಯಿಟ್ಟು ನಾಲಿಗೆ ಬಿಟ್ಟರೆ ಅರ್ಧಕ್ಕೇ ಬೀಳುತ್ತಿದೆ. ನನ್ನ ಕಸುಬಿನ ವಿಷಯ ಬಂದಾಗ ಸುಮ್ಮನಿರಲಾಗುವುದಿಲ್ಲ. ಮಿಡತೆಯನ್ನು ಇಕ್ಕುಳದಲ್ಲಿ ಹಿಡಿದು ಹತ್ತಿರ, ದೂರ, ಎಡ, ಬಲ ಆಡಿಸಿ ಪರೀಕ್ಷೆ ಮಾಡಿದೆ. ಎರಡು ಕಣ್ಣೂ ಸರಿಯಾಗಿಯೇ ಹಿಂಬಾಲಿಸಿದವು.

"ಅಕ್ಷರ ಓದಿಸಲ್ವಾ?" ಎಂದು ಹಿಂದಿನಿಂದ ದನಿ. ತಿರುಗಿದರೆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. "ಫ್ರೇಮ್ ಹೇಗೆ ಕೂರಿಸ್ತೀರಿ? ಕಿವೀನೇ ಇಲ್ಲವಲ್ಲ!"

ನಾನೂ ನಕ್ಕೆ. ಅಷ್ಟರಲ್ಲಿ ಮೇಷ್ಟ್ರು ಕೊಂಬೆಯಿಂದ ಜಾರಿದರು. ಬೀಳಲಿಲ್ಲ, ಹಿಂಗಾಲು ಮತ್ತು ಬಾಲದಲ್ಲಿ ನೇತಾಡಿದರು. ಎತ್ತಿ ನನ್ನ ಬೆರಳಿನ ಮೇಲೆ ಕೂರಿಸಿಕೊಂಡೆ. ಇದೇ ಮೊದಲ ಸಲ ಮುಟ್ಟಿದ್ದು. ಹಿಡಿತದಲ್ಲಿ ಶಕ್ತಿಯೇ ಇರಲಿಲ್ಲ. ಹುಡುಗಿಯ ನಗು ಅಲ್ಲೇ ನಿಂತುಹೋಯಿತು.

ಜನವರಿ 24, ಶುಕ್ರವಾರ

ಪ್ರಾಣಿವೈದ್ಯರ ಬಳಿ ಹೋಗಿದ್ದೆವು. ಗಟ್ಟಿ ದನಿಯ ಹೆಂಗಸು. ಮೇಷ್ಟ್ರ ಮುಂಗಾಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಎಲುಬು ಮೆತ್ತಗಾಗ್ತಿದೆ. ಬೆಳಕು ಯಾವುದು ಹಾಕಿದೀರಿ?" ಅಂದರು.

ನಾನು ಬಲ್ಬಿನ ಸಾಹಸವನ್ನೆಲ್ಲಾ ವಿವರಿಸಿದೆ. "ಅದು ಬಿಸಿಗೆ. ಬಿಸಿ ಬೇರೆ, ಬೆಳಕು ಬೇರೆ. ಎಲುಬು ಗಟ್ಟಿಯಾಗೋಕೆ ಬಿಸಿಲಲ್ಲಿರೋ ಅತಿನೇರಳೆ ಕಿರಣ ಬೇಕು."

"ಬೆಳಿಗ್ಗೆ ಕಿಟಕಿಯಿಂದ ಚೆನ್ನಾಗಿ ಬಿಸಿಲು ಬೀಳುತ್ತಲ್ಲ ಡಾಕ್ಟ್ರೇ."

"ಗಾಜಿನ ಮೂಲಕನಾ? ಗಾಜು ಅದನ್ನೇ ತಡೆಯೋದು. ಇದೂ ಗೊತ್ತಿಲ್ವಾ?"

"ಇವರದ್ದು ಕನ್ನಡಕದ ಅಂಗಡಿ" ಅಂದಳು ಹುಡುಗಿ ತಣ್ಣಗೆ.

ದಿನವಿಡೀ ಜನರ ಕಣ್ಣಿಗೆ ಆ ಕಿರಣ ಬೀಳದ ಹಾಗೆ ತಡೆಯುವ ಗಾಜು ಮಾರಿ ಹೊಟ್ಟೆ ಹೊರೆಯುವವನು ನಾನು. ಬಾಗಿಲು ಎಲ್ಲಿದೆ ಎಂದು ನೋಡಿದೆ.

ಆಮೇಲೆ ಡಾಕ್ಟರು ಟ್ಯೂಬಿನ ಬಗ್ಗೆ ಕೇಳಿದರು. ಹಾಕಿ ಎಷ್ಟು ಕಾಲವಾಯಿತು? ಹುಡುಗಿ ಮೇಜಿನ ಅಂಚು ನೋಡುತ್ತಾ, "ಚೆನ್ನಾಗಿ ಉರೀತಿದೆ" ಅಂದಳು.

"ಉರೀತಿರುತ್ತೆ ಪುಟ್ಟಾ. ನಮ್ಮ ಕಣ್ಣಿಗೆ ಕಾಣೋ ಬೆಳಕು ಹಾಗೇ ಇರುತ್ತೆ. ಇವನಿಗೆ ಬೇಕಾದ್ದು ಕಾಣದೇ ಇರೋದು; ಅದು ವರ್ಷದೊಳಗೆ ಮುಗಿದುಹೋಗುತ್ತೆ." ಬಾಯಿಗೆ ಹಾಕಲು ಹನಿ ಬರೆದುಕೊಟ್ಟರು. ಹೊಸ ಟ್ಯೂಬ್ ಹಾಕಿ, ಮೇಲಿನ ಕೊಂಬೆಗೂ ಅದಕ್ಕೂ ಒಂದು ಗೇಣು ಅಂತರವಿರಲಿ, ಹತ್ತಿರವಾದರೆ ಸುಡುತ್ತದೆ, ದೂರವಾದರೆ ತಲುಪುವುದಿಲ್ಲ ಅಂದರು. ಆ ಕಿರಣವನ್ನು ಅಳೆಯುವ ಪುಟ್ಟ ಮೀಟರನ್ನೂ ಕೆಲವು ದಿನಕ್ಕೆಂದು ಕೈಗಿತ್ತರು.

ಕಾರಿನಲ್ಲಿ ಹುಡುಗಿ ಮೇಷ್ಟ್ರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮನೆಯ ತಿರುವಿನಲ್ಲಿ ಹೇಳಿದಳು: "ಆ ಟ್ಯೂಬ್ ಅಪ್ಪ ಹಾಕಿದ್ದ. ಅದನ್ನ ತೆಗೆಯಲ್ಲ."

ನಾನು ಗೇರು ಬದಲಿಸಿದೆ. ಬದಲಿಸುವ ಅಗತ್ಯವಿರಲಿಲ್ಲ.

ಜನವರಿ 27, ಸೋಮವಾರ

ಹೊಸ ಟ್ಯೂಬ್ ತಂದೆ, ಬೇರೆ ಅಂಗಡಿಯಿಂದ. ಬಾಗಿಲ ಹಿಂದೆ ನಿಲ್ಲಿಸಿದ್ದೇನೆ. ಅವಳು ಅದನ್ನು ಸುತ್ತಿಕೊಂಡು ಓಡಾಡುತ್ತಾಳೆ, ನೋಡುವುದಿಲ್ಲ.

ಜನವರಿ 28, ಮಂಗಳವಾರ

ಟ್ಯೂಬ್ ಬಾಗಿಲ ಹಿಂದೆಯೇ ಇದೆ. ಮೇಷ್ಟ್ರು ಒಂದು ಮಿಡತೆಯನ್ನೂ ಹಿಡಿಯಲಿಲ್ಲ. ಇಕ್ಕುಳದಲ್ಲಿ ಬಾಯಿಗಿಟ್ಟೆ.

ಜನವರಿ 30, ಗುರುವಾರ

ಇವತ್ತು ದನಿ ಏರಿಸಿದೆ. ಈ ಮನೆಗೆ ಬಂದ ಮೇಲೆ ಮೊದಲ ಸಲ.

"ಹಟ ಮಾಡಬೇಡ. ಅವರ ಕಾಲು ನೋಡು, ಬಿಲ್ಲಿನ ಹಾಗೆ ಬಾಗಿದೆ!"

"ಹೇಳೋಕೆ ನೀವು ಯಾರು?"

"ನಾನು… ನಾನು ಮೇಷ್ಟ್ರಿಗೆ ಬಲ್ಬು ಹಾಕೋವನು!" ಅಂದೆ. ಜಗತ್ತಿನಲ್ಲಿ ಯಾರೂ ಯಾರಿಗೂ ಇಂಥ ಪೆದ್ದು ಉತ್ತರ ಕೊಟ್ಟಿರಲಾರರು.

ಅವಳು ಕೋಣೆಗೆ ಹೋಗಿ ಬಾಗಿಲನ್ನು ಧಡಾರೆಂದು ಹಾಕಿಕೊಂಡಳು. ಚಿಲಕ ಕೂರಲಿಲ್ಲವೆಂದು ತೆರೆದು ಇನ್ನೊಂದು ಸಲ ಹಾಕಿಕೊಂಡಳು. ನಾಲ್ಕೂವರೆ ತಿಂಗಳ ಸಭ್ಯತೆಯನ್ನು ಒಂದೇ ಸಂಜೆಯಲ್ಲಿ ಮಣ್ಣುಪಾಲು ಮಾಡಿದೆ. ಹೆಂಡತಿಗೆ ಏನೆಂದು ಮುಖ ತೋರಿಸಲಿ? ಮೊಟ್ಟೆ ಬೇಯಿಸಿ ತಟ್ಟೆಯನ್ನು ಬಾಗಿಲ ಹೊರಗಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಖಾಲಿ ತಟ್ಟೆ ಹೊರಗೆ ಬಂದಿತ್ತು. ಒಳಗಿನಿಂದ, "ಉಪ್ಪು ಜಾಸ್ತಿ" ಎಂದು ಕೇಳಿಸಿತು.

ಫೆಬ್ರವರಿ 1, ಶನಿವಾರ

ಬೆಳಿಗ್ಗೆ ಹುಡುಗಿ ಮಹಡಿಯ ಮೇಲೆ ಬಿಸಿಲಲ್ಲಿ ಮೀಟರ್ ಹಿಡಿದು ನಿಂತಿದ್ದಳು. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ. ಅಂಕಿ ಜಿಗಿಯುವುದನ್ನು ನೋಡಿ, ಕೈ ಅಡ್ಡ ಹಿಡಿದು, ತೆಗೆದು, ಮತ್ತೆ ನೋಡಿದಳು. ಆಮೇಲೆ ಕೆಳಗಿಳಿದು ಗೂಡಿನ ಟ್ಯೂಬಿನ ಕೆಳಗೆ ಹಿಡಿದಳು. ಏನೂ ಇಲ್ಲ. ಇನ್ನೂ ಹತ್ತಿರ ಹಿಡಿದಳು. ಕೊನೆಗೆ ಟ್ಯೂಬಿಗೇ ಒತ್ತಿ, ಈ ತುದಿಯಿಂದ ಆ ತುದಿಯವರೆಗೆ ನಡೆಸಿಕೊಂಡು ಹೋದಳು. ಸೊನ್ನೆ ಕದಲಲಿಲ್ಲ. ಟ್ಯೂಬ್ ಮಾತ್ರ ಬೆಳ್ಳಗೆ ಉರಿಯುತ್ತಲೇ ಇತ್ತು.

ನೆಲದ ಮೇಲೆ ಕೂತುಬಿಟ್ಟಳು. ನಾನೂ ಸ್ವಲ್ಪ ಆಚೆ ಕೂತೆ.

"ಅಪ್ಪ ಹಾಕಿದಾಗ ಇತ್ತು."

"ಇಲ್ದೆ ಏನು? ಮೇಷ್ಟ್ರು ಇಷ್ಟುದ್ದ ಬೆಳೆದಿದ್ದು ಅದರಲ್ಲೇ ತಾನೇ."

ಮೂಗೊರೆಸಿಕೊಂಡಳು. "ನಾನೇ ತೆಗೀತೀನಿ. ನೀವು ಮುಟ್ಟಬೇಡಿ."

ತೆಗೆದಳು. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಗಳಲ್ಲಿ ಸುತ್ತಿಕೊಟ್ಟೆ. ಅವಳ ಕಪಾಟಿನ ಮೇಲೆ ಇಟ್ಟುಕೊಂಡಳು. ಹೋಲ್ಡರನ್ನು ಗೂಡಿಗೆ ಬಿಗಿದಿದ್ದ ತಂತಿಯ ಸುತ್ತನ್ನು ನಾನು ಆಗಲೇ ಸರಿಯಾಗಿ ನೋಡಿದ್ದು. ಒಂದು ಎಳೆಯೂ ಅಡ್ಡಾದಿಡ್ಡಿಯಿಲ್ಲ, ತುದಿಗಳನ್ನು ಮೇಷ್ಟ್ರಿಗೆ ಚುಚ್ಚದ ಹಾಗೆ ಒಳಕ್ಕೆ ಮಡಚಿದ್ದಾರೆ. "ಎಂಥ ಅಚ್ಚುಕಟ್ಟು! ನನ್ನ ಕೈಲಿ ಆಗ್ತಿರಲಿಲ್ಲ" ಅಂದೆ. "ಅಪ್ಪ ಹಾಗೇ" ಅಂದಳು, "ಶೂ ಲೇಸ್ ಕಟ್ಟೋಕೂ ಅರ್ಧ ಗಂಟೆ ತಗೋತಿದ್ದ." ಅದೇ ಹೋಲ್ಡರಿನಲ್ಲಿ ಹೊಸ ಟ್ಯೂಬ್ ಟಿಕ್ ಎಂದು ಕೂತಿತು.

ಆಮೇಲೆ ಶುರುವಾಯಿತು. ಒಂದು ಗೇಣು ಅಂದರೆ ಯಾರ ಗೇಣು? ನನ್ನ ಗೇಣಿಟ್ಟು ಕೊಂಬೆ ಕಟ್ಟಿದೆ. ಅವಳ ಗೇಣಿಗೆ ಅದು ಬಹಳ ಕೆಳಗೆ. "ಡಾಕ್ಟ್ರು ಹೆಂಗಸು. ಅವರ ಗೇಣು ನನ್ನಷ್ಟೇ ಇರುತ್ತೆ."

"ಅವರ ಕೈ ನೋಡಿದೆಯಾ? ಹಸು ಹಿಡಿಯೋ ಕೈ ಅದು!"

"ನಿಂಗೆ ಗಾಜೇ ಗೊತ್ತಿರಲಿಲ್ಲ, ಗೇಣು ಗೊತ್ತಾ? ಬಿಡು, ಇಲ್ಲಿ ಕೊಡು!"

ಕೊನೆಗೆ ಮೀಟರಿನ ಅಂಕಿ ನೋಡಿ ಇಬ್ಬರ ಗೇಣಿಗೂ ನಡುವೆ ಕಟ್ಟಿದೆವು. ತಾನು ಗೆದ್ದೆನೆಂದು ಅವಳು ತಿಳಿದಿದ್ದಾಳೆ. ಅಂಕಿ ಸ್ಪಷ್ಟವಾಗಿ ನನ್ನ ಕಡೆಗಿತ್ತು.

ಫೆಬ್ರವರಿ 5, ಬುಧವಾರ

ಶಿಸ್ತು ಹಾಳಾಗುತ್ತಿದೆ. ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಹಾಕಿದ್ದಕ್ಕೆ ನನಗೆ ಇವತ್ತು ಬೈಗುಳ. "ನಿಂಗೆ ಎಷ್ಟು ಸಲ ಹೇಳ್ಬೇಕು?" ಅಂತೆ. ಅದೇ ಉಸಿರಿನಲ್ಲಿ ಗೂಡಿನ ಕಡೆ ತಿರುಗಿ, "ಮೇಷ್ಟ್ರೇ, ನೀವು ಹನಿ ಕುಡಿದ್ರಾ?" ಎಂದು ಜೇನಿನಂಥ ದನಿ. ಗೋಸುಂಬೆಗೆ ಬಹುವಚನ, ನನಗೆ ಏಕವಚನ. ಈ ಮನೆಯಲ್ಲಿ ನನ್ನ ದರ್ಜೆ ಎಲ್ಲಿಗೆ ಬಂತೆಂದು ಇದರಿಂದಲೇ ಗೊತ್ತಾಗುತ್ತದೆ.

ಫೆಬ್ರವರಿ 8, ಶನಿವಾರ

ಹೊಡೆದರು! ಒಂದು ಮೊಳ ದೂರದ ಮಿಡತೆ! ಮೇಷ್ಟ್ರು ಎರಡೂ ಕಣ್ಣನ್ನು ಒಟ್ಟಿಗೆ ತಂದು, ಗದ್ದ ಮುಂದೆ ಚಾಚಿ, ಯೋಚಿಸಿ, ಯೋಚಿಸಿ, ನಮ್ಮಿಬ್ಬರ ಉಸಿರು ನಿಂತ ಮೇಲೆ ಪಟ್ ಎಂದು ನಾಲಿಗೆ ಬಿಟ್ಟರು. ಕಣ್ಣು ಮಿಟುಕಿಸುವುದರೊಳಗೆ ಮಿಡತೆ ಬಾಯಲ್ಲಿತ್ತು. ಹುಡುಗಿ ಕಿರುಚಿ ನನ್ನ ಬೆನ್ನಿಗೊಂದು ಗುದ್ದಿದಳು. ನಾನು ನಾಲಿಗೆ ಕಚ್ಚಿಕೊಂಡೆ. ಮೇಷ್ಟ್ರ ನಾಲಿಗೆ ಸರಿಹೋಯಿತು, ನನ್ನದು ಊದಿದೆ. ಮಾತಾಡಲು ಕಷ್ಟ.

ಫೆಬ್ರವರಿ 9, ಭಾನುವಾರ

ಫೋನ್. ಹುಡುಗಿ ಅಮ್ಮನಿಗೆ ನನ್ನ ಮೇಲೆ ದೂರು ಹೇಳಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಟವೆಲು, ಮೊಟ್ಟೆಯ ಉಪ್ಪು, ಹಾಡು ಗುನುಗುವಾಗ ತಾಳ ತಪ್ಪುವುದು, ಮೇಷ್ಟ್ರನ್ನು ಅವಳಿಗಿಂತ ಹೆಚ್ಚು ಹೊತ್ತು ಬೆರಳ ಮೇಲೆ ಕೂರಿಸಿಕೊಳ್ಳುವುದು. ಫೋನಿನಾಚೆ ಹೆಂಡತಿ, "ಇನ್ನೇನು ಮಾಡಿದ್ರು? ಹೇಳು, ಹೇಳು" ಎಂದು ಕೇಳುತ್ತಲೇ ಇದ್ದಳು. ಗಂಡನ ಮೇಲಿನ ದೂರು ಕೇಳಲು ಇಷ್ಟು ಆಸೆಯೇ? ನಾನು ಮಾತಾಡುವ ಸರದಿ ಬಂದಾಗ ಲೈನ್ ಕಟ್ಟಾಯಿತು.

ಫೆಬ್ರವರಿ 12, ಬುಧವಾರ

ಶಾಲೆ ಮುಗಿಸಿ ಈಗ ಅಂಗಡಿಗೇ ಬರುತ್ತಾಳೆ, ಇಲ್ಲಿನ ದೀಪ ಓದಲು ಚೆನ್ನಾಗಿದೆಯಂತೆ. ಬಂದವಳು ಸುಮ್ಮನೆ ಓದುವುದಿಲ್ಲ. ಇವತ್ತು ನಿವೃತ್ತ ವಕೀಲರೊಬ್ಬರಿಗೆ ನಾನು ಫ್ರೇಮ್ ತೋರಿಸುತ್ತಿದ್ದಾಗ ತಲೆಯೆತ್ತಿ, "ಅದು ಅವರ ಮುಖಕ್ಕೆ ಅಗಲ ಆಯ್ತು" ಅಂದಳು. ಇಲ್ಲ ಅಂದೆ. ಆಯ್ತು ಅಂದಳು. ವಕೀಲರು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ ಕೊನೆಗೆ ಅವಳು ಹೇಳಿದ್ದನ್ನೇ ತೆಗೆದುಕೊಂಡರು. ಹೋಗುವಾಗ, "ನಿಮ್ಮ ಮಗಳು ಥೇಟ್ ನಿಮ್ಮ ಹಾಗೇ ವಾದ ಮಾಡ್ತಾಳೆ" ಅಂದರು.

ನಾನು ವಾದ ಮಾಡುವವನೇ ಅಲ್ಲ ಎಂದು ಅವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಅವರಿಗೆ ಬಸ್ಸು ತಪ್ಪುವವರೆಗೆ ವಾದಿಸಿದೆ.

ಫೆಬ್ರವರಿ 15, ಶನಿವಾರ

ಮಾನ ಹೋಯಿತು. ನಾಳೆ ಬರಬೇಕಾದ ಹೆಂಡತಿ ಇವತ್ತೇ ಬಂದಳು.

ಮನೆಯನ್ನು ಒಪ್ಪ ಮಾಡಿ, ಹುಡುಗಿಗೆ ನಾಲ್ಕು ಒಳ್ಳೆಯ ಮಾತು ಹೇಳಿಕೊಟ್ಟು, ಎಲ್ಲ ಸರಿಯಾಗಿದೆ ಎಂಬಂತೆ ತೋರಿಸಬೇಕೆಂದಿದ್ದೆ. ಅವಳು ಬಾಗಿಲು ತೆಗೆದಾಗ ನಾವಿಬ್ಬರೂ ಒಂದೇ ಸ್ಟೂಲಿನ ಮೇಲೆ ನಿಂತು ತಲೆಯನ್ನು ಗೂಡಿನೊಳಗೆ ತೂರಿಸಿದ್ದೆವು. ದೀಪ ತಾನಾಗಿಯೇ ಹತ್ತಿ ಆರುವ ಹಾಗೆ ಒಂದು ಟೈಮರ್ ತಂದಿದ್ದೆ, ಅದು ಹಗಲು ಆರಿ ರಾತ್ರಿ ಹತ್ತುತ್ತಿತ್ತು.

"ಮುಟ್ಬೇಡ! ನೀನು ಮುಟ್ಟಿದ್ದೆಲ್ಲಾ ಹಾಳಾಗುತ್ತೆ!"

"ಟೈಮರ್ ತಂದೋನು ಯಾರು?"

"ತಲೆಕೆಳಗಾಗಿ ಹಾಕಿದೋನೂ ನೀನೇ!"

ಮೇಷ್ಟ್ರು ಒಂದು ಕಣ್ಣು ಅವಳ ಮೇಲೆ, ಒಂದು ಕಣ್ಣು ನನ್ನ ಮೇಲೆ ಇಟ್ಟು ಪಂಚಾಯಿತಿ ಮಾಡುತ್ತಿದ್ದವರು, ಇದ್ದಕ್ಕಿದ್ದಂತೆ ಎರಡನ್ನೂ ಬಾಗಿಲ ಕಡೆ ತಿರುಗಿಸಿದರು. ನಾವೂ ತಿರುಗಿದೆವು. ಹೆಂಡತಿ ಬ್ಯಾಗನ್ನು ಹೆಗಲಿಂದ ಇಳಿಸದೆ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ದೇವರಿಗೇ ಗೊತ್ತು.

ಊಟವಾದ ಮೇಲೆ ಅಡುಗೆಮನೆಯಲ್ಲಿ ಕ್ಷಮೆ ಕೇಳಿದೆ. ಅವಳು ತಟ್ಟೆ ಒರೆಸುತ್ತಾ, "ಯಾವಾಗಿಂದ ಹೀಗೆ?" ಅಂದಳು.

"ಎರಡು ವಾರ ಆಗಿರಬೇಕು. ಮೊದಲು ಎಷ್ಟು ಮರ್ಯಾದೆಯಿಂದ ಇದ್ವಿ! ಏನಾಯ್ತೋ ಗೊತ್ತಾಗ್ಲಿಲ್ಲ. ನೀನು ಬಂದ್ಯಲ್ಲ, ಇನ್ನು ನಾನೂ ಸ್ವಲ್ಪ ಗಂಭೀರವಾಗಿರ್ತೀನಿ. ಎಲ್ಲಾ ಸರಿಮಾಡ್ತೀನಿ."

ಅವಳು ತಟ್ಟೆ ಕೆಳಗಿಟ್ಟು ಒದ್ದೆ ಕೈಯಲ್ಲೇ ನನ್ನ ತೋಳು ಹಿಡಿದಳು. "ರೀ, ನಿಮ್ಮ ದಮ್ಮಯ್ಯ, ಏನೂ ಸರಿಮಾಡೋಕೆ ಹೋಗ್ಬೇಡಿ."

ದೂರದ ಪ್ರಯಾಣ, ಆಯಾಸವಾಗಿರಬೇಕು. ನಾಳೆ ನಿಧಾನವಾಗಿ ವಿವರಿಸಬೇಕು. ಟವೆಲಿನ ವಿಷಯದಲ್ಲಿ ತಪ್ಪು ಪೂರ್ತಿ ನನ್ನದಲ್ಲ ಎಂಬುದನ್ನೂ…

ನಡುಮನೆಯಿಂದ ಕೂಗು: "ಲೈಟ್ ಆರಿಸು! ನಿನ್ನ ಕೋಣೆ ಬೆಳಕು ಮೇಷ್ಟ್ರ ಮುಖಕ್ಕೆ ಬೀಳ್ತಿದೆ, ನಿದ್ದೆ ಬರ್ತಿಲ್ಲ ಅವರಿಗೆ!" ಒಂದೇ ಒಂದು ಸಾಲು ಬಾಕಿ ಇದೆ ಅಂದೆ. "ಬರೆದಿದ್ದು ಸಾಕು!"

ಆರಿಸಿದ್ದೇನೆ. ಕತ್ತಲಲ್ಲಿ ಬರೆದ ಈ ಸಾಲು ಸೊಟ್ಟಗಿದ್ದರೆ ಅದಕ್ಕೆ ಕಾರಣ ನಾನಲ್ಲ, ನನ್ನ ಮಗಳು.